ಓದುಗರ ಪ್ರಶ್ನೆ: ಕನಕಪುರ ಲೋಕಸಭಾ ಕ್ಷೇತ್ರ ಏನಾಯಿತು?

ಪ್ರಶ್ನೆ: ದೇವೇಗೌಡರು ಕನಕಪುರದಿಂದ ಲೋಕಸಭೆಗೆ ಒಮ್ಮೆ ಗೆದ್ದು ಒಮ್ಮೆ ಸೋತರು ಎಂದು ಮನೆಯ ಹಿರಿಯರು ಹೇಳುತ್ತಾರೆ. ಈಗಿನ ಪಟ್ಟಿಯಲ್ಲಿ ಆ ಹೆಸರಿನ ಲೋಕಸಭಾ ಕ್ಷೇತ್ರವೇ ಇಲ್ಲವಲ್ಲ?

ಉತ್ತರ: ಹಿರಿಯರ ಮಾತು ಸರಿ. ಆ ಕ್ಷೇತ್ರಕ್ಕೆ 2004ರಲ್ಲಿ ಕೊನೆಯ ಚುನಾವಣೆ ನಡೆಯಿತು. 2008ರಲ್ಲಿ ಜಾರಿಗೆ ಬಂದ ಪುನರ್ವಿಂಗಡಣೆಯಲ್ಲಿ ಅದನ್ನು ರದ್ದುಮಾಡಿ, ಅದರ ಬಹುಭಾಗವನ್ನು ಬೆಂಗಳೂರು ಗ್ರಾಮಾಂತರ ಎಂಬ ಹೊಸ ಕ್ಷೇತ್ರಕ್ಕೆ ಸೇರಿಸಲಾಯಿತು. ಕನಕಪುರ ಈಗ ವಿಧಾನಸಭಾ ಕ್ಷೇತ್ರ ಮಾತ್ರ.

ರದ್ದಾಗಲು ಮುಖ್ಯ ಕಾರಣ ಬೆಂಗಳೂರು. ಕನಕಪುರ, ಸಾತನೂರು, ರಾಮನಗರ, ಚನ್ನಪಟ್ಟಣ, ಮಾಗಡಿಗಳ ಜೊತೆಗೆ ಉತ್ತರಹಳ್ಳಿ ಮತ್ತು ಆನೇಕಲ್ ಕೂಡ ಇದೇ ಕ್ಷೇತ್ರದಲ್ಲಿದ್ದವು. ಬೆಂಗಳೂರಿನ ಬಡಾವಣೆಗಳು ಊರ ಅಂಚನ್ನು ದಾಟಿ ಬೆಳೆದಂತೆ ಉತ್ತರಹಳ್ಳಿಯ ಮತದಾರರ ಪಟ್ಟಿಯೂ ಉಬ್ಬುತ್ತಾ ಹೋಯಿತು. ರಾಗಿ, ರೇಷ್ಮೆಯ ರೈತರೂ ನಗರದ ನಿವೇಶನದಾರರೂ ಒಬ್ಬನೇ ಸಂಸದನ ಪಾಲಿಗೆ ಬಂದರು. ರಾಜ್ಯದ 28 ಸ್ಥಾನಗಳನ್ನು ಹೆಚ್ಚಿಸುವಂತಿರಲಿಲ್ಲ. ಹಾಗಾಗಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ 2001ರ ಜನಗಣತಿಯ ಆಧಾರದಲ್ಲಿ ಇದ್ದ ಗಡಿಗಳನ್ನೇ ಮತ್ತೆ ಎಳೆಯಿತು. ಉತ್ತರಹಳ್ಳಿ, ಸಾತನೂರು ವಿಧಾನಸಭಾ ಕ್ಷೇತ್ರಗಳು ಇಲ್ಲವಾದವು. ತುಮಕೂರು ಜಿಲ್ಲೆಯ ಕುಣಿಗಲ್ ಬಂದು ಸೇರಿತು.

ಹೊಸ ಹೆಸರಿನ ಕಥೆ ಇನ್ನೂ ಸ್ವಾರಸ್ಯಕರ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ ತಾಲೂಕುಗಳು 2007ರವರೆಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿದ್ದವು. ಆ ವರ್ಷ ಅವು ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟರೂ ಲೋಕಸಭಾ ಕ್ಷೇತ್ರಕ್ಕೆ ಹಳೆಯ ಜಿಲ್ಲೆಯ ಹೆಸರೇ ಬಂದಿತು. ಇನ್ನು ಗ್ರಾಮಾಂತರ ಜಿಲ್ಲೆಯಲ್ಲಿಯೇ ಉಳಿದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲದವರು ಲೋಕಸಭೆಗೆ ಮತ ಹಾಕುವುದು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ! ಬೆಂಗಳೂರು ಗ್ರಾಮಾಂತರ ಕ್ಷೇತ್ರದೊಳಗೆ ಬೆಂಗಳೂರು ದಕ್ಷಿಣ ಎಂಬ ವಿಧಾನಸಭಾ ಕ್ಷೇತ್ರವೂ ಇದೆ. ಕನಕಪುರ ಎಂಬ ಹೆಸರನ್ನೇ ಉಳಿಸಿಕೊಂಡಿದ್ದರೆ ಇಷ್ಟು ಗೊಂದಲ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇನ್ನು ಹಿರಿಯರು ನೆನೆಯುವ ಚುನಾವಣೆಗಳು. 1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್ ಇಲ್ಲಿಂದ ಸಂಸದರಾದರು. ಆಮೇಲೆ 1977ರಿಂದ ಬಹುಕಾಲ ಕಾಂಗ್ರೆಸ್ಸಿನ ಎಂ.ವಿ. ಚಂದ್ರಶೇಖರಮೂರ್ತಿಯವರದೇ ಹಿಡಿತ. ಅದು ತಪ್ಪಿದ್ದು 1996ರಲ್ಲಿ, ಮೊದಲ ಬಾರಿ ಕಣಕ್ಕಿಳಿದ ಎಚ್.ಡಿ. ಕುಮಾರಸ್ವಾಮಿಯವರಿಂದ. ಆದರೆ ಎರಡೇ ವರ್ಷಕ್ಕೆ ಕುಮಾರಸ್ವಾಮಿ ಸೋತು, ಬಿಜೆಪಿಯ ಎಂ. ಶ್ರೀನಿವಾಸ್ ಗೆದ್ದರು. ಶ್ರೀನಿವಾಸ್ ಉತ್ತರಹಳ್ಳಿಯ ಶಾಸಕರಾಗಿದ್ದವರು. ನಗರದ ಮತ ಎಷ್ಟು ಭಾರವಾಗಿತ್ತು ಎನ್ನಲು ಬೇರೆ ಸಾಕ್ಷಿ ಬೇಡ. 1999ರಲ್ಲಿ ಚಂದ್ರಶೇಖರಮೂರ್ತಿ ಮರಳಿ ಗೆದ್ದರು.

ಅವರ ನಿಧನದಿಂದ 2002ರಲ್ಲಿ ಉಪಚುನಾವಣೆ ಬಂದಿತು. ಹಾಸನದಲ್ಲಿ 1999ರಲ್ಲಿ ಸೋತಿದ್ದ ಮಾಜಿ ಪ್ರಧಾನಿ ಒಂದು ಕಡೆ, ಎಸ್.ಎಂ. ಕೃಷ್ಣ ಸಂಪುಟದ ಸಚಿವ ಡಿ.ಕೆ. ಶಿವಕುಮಾರ್ ಇನ್ನೊಂದು ಕಡೆ. ಸರ್ಕಾರದ ಬಲವೆಲ್ಲ ಬೆನ್ನಿಗಿದ್ದರೂ ಶಿವಕುಮಾರ್ ಸೋತರು. ಎರಡು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. 2004ರಲ್ಲಿ ಕಾಂಗ್ರೆಸ್ ಪತ್ರಕರ್ತೆ ತೇಜಸ್ವಿನಿಯವರಿಗೆ ಟಿಕೆಟ್ ಕೊಟ್ಟಿತು. ರಾಜಕೀಯಕ್ಕೆ ಹೊಸಬರಾದ ಅವರು ಲಕ್ಷಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರು. ಬಿಜೆಪಿಗೆ ಎರಡನೆಯ ಸ್ಥಾನ, ದೇವೇಗೌಡರಿಗೆ ಮೂರನೆಯದು. ಹಾಸನದಲ್ಲಿಯೂ ನಿಂತು ಗೆದ್ದಿದ್ದರಿಂದ ಗೌಡರು ಲೋಕಸಭೆಗೆ ಹೋಗುವುದೇನೂ ತಪ್ಪಲಿಲ್ಲ.

ಒಂದು ಎಚ್ಚರಿಕೆ: 2004ರ ಕನಕಪುರ ಮತ್ತು 2009ರ ಬೆಂಗಳೂರು ಗ್ರಾಮಾಂತರದ ಮತಗಳನ್ನು ಅಕ್ಕಪಕ್ಕ ಇಟ್ಟು ಪಕ್ಷಗಳ ಏರಿಳಿತ ಲೆಕ್ಕ ಹಾಕುವ ಬರಹಗಳು ಕಣ್ಣಿಗೆ ಬಿದ್ದರೆ ನಂಬಬೇಡಿ. ಎರಡೂ ಕಡೆ ಮತ ಹಾಕಿದವರು ಪೂರ್ತಿ ಅದೇ ಜನರಲ್ಲ.