ತಾನಾಗಿ ನಿಲ್ಲುವ ನೋವಿಗೆ ಮದ್ದಿನ ಪರೀಕ್ಷೆ

ಸಾಮಾನ್ಯವಾಗಿ ಒಂದೇ ಬದಿಯ ಕಣ್ಣಿನ ಸುತ್ತ ಏಳುವ ಕ್ಲಸ್ಟರ್ ತಲೆನೋವು ಮನುಷ್ಯರು ಅನುಭವಿಸುವ ಅತಿ ತೀವ್ರ ನೋವುಗಳಲ್ಲಿ ಒಂದು. ಆ ಬದಿಯ ಕಣ್ಣು ಕೆಂಪೇರಿ ನೀರು ಸುರಿಸುತ್ತದೆ, ಮೂಗು ಕಟ್ಟುತ್ತದೆ, ರೆಪ್ಪೆ ಜೋಲುತ್ತದೆ. ಮೈಗ್ರೇನ್ ಬಂದವರು ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಬಯಸಿದರೆ, ಇದು ಬಂದವರು ಒಂದೆಡೆ ಕೂರಲಾರದೆ ಶತಪಥ ಹಾಕುತ್ತಾರೆ. ಚಿಕಿತ್ಸೆ ಕೊಡದಿದ್ದರೆ ಒಂದೊಂದು ದಾಳಿಯೂ 15 ನಿಮಿಷದಿಂದ 3 ಗಂಟೆಯವರೆಗೆ ಇರುತ್ತದೆ. ದಿನಕ್ಕೆ 8 ದಾಳಿಗಳಾಗುವುದೂ ಉಂಟು. ಹೆಚ್ಚಿನವರಲ್ಲಿ ಈ ಸರದಿ ಕೆಲವು ವಾರ ಅಥವಾ ತಿಂಗಳು ನಡೆದು ತಾನಾಗಿಯೇ ನಿಂತುಹೋಗುತ್ತದೆ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ, ತಲೆಹಾಕುವುದಿಲ್ಲ.

ಹೊಸ ಚಿಕಿತ್ಸೆಯೊಂದು ನಿಜಕ್ಕೂ ಫಲ ಕೊಡುತ್ತದೆಯೇ ಎಂದು ತಿಳಿಯಹೊರಟವರಿಗೆ ಅತಿ ದೊಡ್ಡ ತೊಡಕು ಈ ತಾನಾಗಿ ನಿಲ್ಲುವ ಗುಣವೇ. ಜನ ಹೊಸ ಮದ್ದಿಗೆ ಕೈಚಾಚುವುದು ನೋವು ಅತಿರೇಕಕ್ಕೆ ಹೋದಾಗ, ಅಂದರೆ ಬಹುಮಟ್ಟಿಗೆ ಸರದಿ ಇಳಿಮುಖವಾಗಲು ಹತ್ತಿರವಾಗಿರುವ ಹೊತ್ತಿನಲ್ಲಿ. ಆಗ ಏನನ್ನೇ ನುಂಗಿದರೂ ಕೆಲವೇ ದಿನಗಳಲ್ಲಿ ನೋವು ಇಳಿಯಬಹುದು, ಕೀರ್ತಿ ನುಂಗಿದ್ದಕ್ಕೆ ಸಲ್ಲುತ್ತದೆ. ಇದು ಅಪ್ಪಟ ಕಾಕತಾಳ ನ್ಯಾಯ. ಹಾಗೆಂದು ಅವರು ಸುಳ್ಳು ಹೇಳುತ್ತಿದ್ದಾರೆಂದಲ್ಲ. ಅವರಿಗೆ ಸಿಕ್ಕ ಉಪಶಮನ ನಿಜ, ಅದಕ್ಕೆ ಕೊಟ್ಟ ಕಾರಣವನ್ನಷ್ಟೇ ಪರೀಕ್ಷಿಸಬೇಕು.

ಆ ಪರೀಕ್ಷೆ ಹೇಗಿರಬೇಕೆಂಬುದಕ್ಕೆ 2009ರಲ್ಲಿ ಪ್ರಕಟವಾದ ಆಮ್ಲಜನಕದ ಪ್ರಯೋಗ ನನಗೆ ತುಂಬ ಮೆಚ್ಚುಗೆಯಾದ ಮಾದರಿ. ರೋಗಿಗಳು ದಾಳಿ ಶುರುವಾದ ಕೂಡಲೇ ಮುಖವಾಡ ತೊಟ್ಟು, ನಿಮಿಷಕ್ಕೆ 12 ಲೀಟರ್‌ನಂತೆ 15 ನಿಮಿಷ ಸಿಲಿಂಡರಿನ ಅನಿಲವನ್ನು ಸೇದಬೇಕಿತ್ತು. ಒಂದು ಸಿಲಿಂಡರಿನಲ್ಲಿ ಶುದ್ಧ ಆಮ್ಲಜನಕ, ಇನ್ನೊಂದರಲ್ಲಿ ಬರೀ ಗಾಳಿ. ಯಾವುದು ಯಾವುದೆಂದು ರೋಗಿಗೂ ಗೊತ್ತಿಲ್ಲ, ಸಂಶೋಧಕರಿಗೂ ಗೊತ್ತಿಲ್ಲ. 15 ನಿಮಿಷದ ಕೊನೆಗೆ ಆಮ್ಲಜನಕ ಶೇ. 78ರಷ್ಟು ದಾಳಿಗಳಲ್ಲಿ ತೃಪ್ತಿಕರ ಉಪಶಮನ ಕೊಟ್ಟಿತ್ತು, ಗಾಳಿ ಶೇ. 20ರಷ್ಟರಲ್ಲಿ. ಗಾಳಿಯ ಪಾಲಿನ ಆ ಶೇ. 20 ತಿಳಿಯದೇ ಹೋಗಿದ್ದರೆ, ಆಮ್ಲಜನಕದ ಶೇ. 78ರಲ್ಲಿ ಅದರ ಸ್ವಂತ ಗಳಿಕೆ ಎಷ್ಟೆಂದು ಹೇಳಲು ದಾರಿಯೇ ಇರುತ್ತಿರಲಿಲ್ಲ.

ಒಂದು ದಾಳಿಯನ್ನು ಅಡಗಿಸುವ ಮದ್ದನ್ನು ಹೀಗೆ ಅಳೆಯುವುದು ಸುಲಭ. ದಾಳಿಗಳೇ ಬಾರದಂತೆ ತಡೆಯುವ ಮದ್ದನ್ನು ಅಳೆಯಲು ವಾರಗಳೇ ಬೇಕು, ಆ ವಾರಗಳಲ್ಲಿ ಸರದಿಯೂ ಮುಗಿಯುತ್ತಿರುತ್ತದೆ. ಗಾಲ್ಕನೆಝುಮ್ಯಾಬ್ ಎಂಬ ಚುಚ್ಚುಮದ್ದಿನ ಪ್ರಯೋಗದ ಅಂಕಿಗಳು 2019ರಲ್ಲಿ ಹೊರಬಂದಾಗ ಇದು ಕಣ್ಣಿಗೆ ಕಟ್ಟಿದಂತೆ ಕಂಡಿತು. ವಾರಕ್ಕೆ ಸುಮಾರು 17 ದಾಳಿಗಳಿಂದ ಹೊರಟವರಲ್ಲಿ ಔಷಧ ಪಡೆದವರಿಗೆ ಮೊದಲ ಮೂರು ವಾರಗಳಲ್ಲಿ ವಾರಕ್ಕೆ ಸರಾಸರಿ 8.7 ದಾಳಿಗಳು ಕಡಿಮೆಯಾದವು. ಹುಸಿಮದ್ದು, ಅಂದರೆ ಔಷಧವಿಲ್ಲದ ತೋರಿಕೆಯ ಮದ್ದು, ಪಡೆದವರಿಗೂ 5.2 ಕಡಿಮೆಯಾದವು. ಮೂರನೇ ವಾರಕ್ಕೆ ಹುಸಿಮದ್ದಿನ ಗುಂಪಿನಲ್ಲೂ ಶೇ. 53ರಷ್ಟು ಮಂದಿಯ ದಾಳಿಗಳು ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದಿದ್ದವು, ಔಷಧದ ಗುಂಪಿನಲ್ಲಿ ಶೇ. 71ರಷ್ಟು ಮಂದಿಯವು. ಅದೇ ಔಷಧ, ಬಿಡುವೇ ಕೊಡದ ದೀರ್ಘಕಾಲಿಕ ಬಗೆಯ ರೋಗಿಗಳಲ್ಲಿ ಹುಸಿಮದ್ದನ್ನು ಮೀರಲಿಲ್ಲ. ಈ ಸೋಲಿನ ಸುದ್ದಿಯೂ ಗೆಲುವಿನಷ್ಟೇ ಬೆಲೆಬಾಳುತ್ತದೆ, ಏಕೆಂದರೆ ಒಂದು ಬಗೆಗೆ ಒಗ್ಗಿದ ಮದ್ದು ಇನ್ನೊಂದಕ್ಕೂ ಒಗ್ಗುತ್ತದೆಂಬ ಊಹೆಯಿಂದ ಎಷ್ಟೋ ರೋಗಿಗಳು ತಿಂಗಳುಗಳನ್ನು ಕಳೆದುಕೊಳ್ಳುತ್ತಾರೆ.

ರೋಗಿಗಳ ಕೊರತೆ ಇನ್ನೊಂದು ಕಷ್ಟ. ಈ ಕಾಯಿಲೆ ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಕಾಣಿಸಿಕೊಳ್ಳುತ್ತದೆ, ಅವರಲ್ಲೂ ಪ್ರಯೋಗ ಶುರುವಾಗುವ ಹೊತ್ತಿಗೆ ಸರದಿಯಲ್ಲಿರುವವರು ಬೆರಳೆಣಿಕೆಯಷ್ಟು. ಗಾಲ್ಕನೆಝುಮ್ಯಾಬ್ ಪ್ರಯೋಗಕ್ಕೆ 162 ಮಂದಿ ಬೇಕೆಂದು ಯೋಜಿಸಿದ್ದರೂ 106 ಮಂದಿಗೇ ನಿಲ್ಲಿಸಬೇಕಾಯಿತು. ಸೈಲೊಸೈಬಿನ್‌ನಂಥ ಭ್ರಮಾಜನಕಗಳ ವಿಷಯದಲ್ಲಿ ಮತ್ತೂ ಒಂದು ತೊಡಕಿದೆ: ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೆ ಗಂಟೆಯೊಳಗೇ ಅರಿವಾಗಿಬಿಡುವುದರಿಂದ, ನಿರೀಕ್ಷೆಯ ಪಾಲನ್ನು ಬೇರ್ಪಡಿಸುವುದು ಕಷ್ಟ. ಅವುಗಳಿಂದ ಗುಣ ಕಂಡೆವೆನ್ನುವವರ ಮಾತು ಸಂಶೋಧನೆಗೆ ಒಳ್ಳೆಯ ಪ್ರಚೋದನೆ, ಆದರೆ ಈವರೆಗಿನ ನಿಯಂತ್ರಿತ ಪ್ರಯೋಗಗಳು ತೀರ್ಪು ಕೊಡಲಾಗದಷ್ಟು ಚಿಕ್ಕವು.

ಹಳೆಯ ಮದ್ದುಗಳಿಗೂ ಇದೇ ಒರೆಗಲ್ಲು. ಸರದಿಯ ಆರಂಭದಲ್ಲಿ ಸ್ಟೀರಾಯ್ಡ್ ಕೊಡುವ ರೂಢಿ ದಶಕಗಳದು. ಅದನ್ನು ಸಮರ್ಪಕವಾಗಿ ಪರೀಕ್ಷಿಸಿದ ದೊಡ್ಡ ಪ್ರಯೋಗ ಪ್ರಕಟವಾದದ್ದು 2021ರಲ್ಲಿ. ಎರಡೂ ಗುಂಪಿಗೆ ದಾಳಿ ತಡೆಯುವ ವೆರಾಪಮಿಲ್ ಎಂಬ ಮದ್ದನ್ನು ಕೊಡುತ್ತಲೇ ಒಂದಕ್ಕೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್, ಇನ್ನೊಂದಕ್ಕೆ ಹುಸಿಮದ್ದು ಸೇರಿಸಿದಾಗ ಮೊದಲ ವಾರದ ಸರಾಸರಿ ದಾಳಿಗಳು ಕ್ರಮವಾಗಿ 7.1 ಮತ್ತು 9.5. ವಾರವೊಂದರಲ್ಲಿ ಎರಡಕ್ಕಿಂತ ತುಸು ಹೆಚ್ಚು ದಾಳಿಗಳ ವ್ಯತ್ಯಾಸ ಕಾಗದದ ಮೇಲೆ ಸಣ್ಣದೆನಿಸಬಹುದು; ನಡುರಾತ್ರಿ ಎದ್ದು ಗೋಡೆಗೆ ಹಣೆಯೊತ್ತಿ ನಿಲ್ಲುವವರಿಗೆ ಅಂಥ ಎರಡು ರಾತ್ರಿಗಳು ತಪ್ಪಿದವೆಂದರೆ ಸಣ್ಣ ಮಾತಲ್ಲ.