ಮುಳ್ಳು ಕೆಳಗಿಳಿದರೆ ಎಂಜಿನ್ ತಣ್ಣಗಾಯ್ತು ಅಂತಲ್ಲ

ಜುಲೈ ತಿಂಗಳ ಮಳೆ. ಗುಂಡ್ಯ ಕಡೆಯಿಂದ ಶಿರಾಡಿ ಘಾಟಿ ಹತ್ತುತ್ತಿದ್ದ ಕಾರೊಂದು ಮಾರನಹಳ್ಳಿ ಹತ್ತಿರ ನಿಂತುಬಿಟ್ಟಿತ್ತು. ಸಂಜೆ ಹೊತ್ತಿಗೆ ಅದನ್ನು ಎಳೆದುಕೊಂಡು ಸಕಲೇಶಪುರದ ನಮ್ಮ ಗ್ಯಾರೇಜಿಗೆ ತಂದರು. ಓಡಿಸುತ್ತಿದ್ದವರು ಒಬ್ಬ ಮೇಷ್ಟ್ರು. ಇಳಿದವರೇ ಹೇಳಿದರು: "ಹೀಟ್ ಆಗಿದ್ದರೆ ನನಗೆ ಗೊತ್ತಾಗ್ತಿತ್ತು ಕಣ್ರೀ. ಟೆಂಪರೇಚರ್ ಮೀಟರಿನ ಮುಳ್ಳು ಒಂದು ಸಲ ಸ್ವಲ್ಪ ಮೇಲೆ ಹೋಯ್ತು, ಆಮೇಲೆ ತಾನೇ ಕೆಳಗೆ ಇಳೀತು. ಸದ್ಯ ತಣ್ಣಗಾಯ್ತು ಅಂದ್ಕೊಂಡು ಹೊಡ್ಕೊಂಡು ಬಂದೆ."

ಬಾನೆಟ್ ಎತ್ತಿ ನೋಡಿದೆ. ರೇಡಿಯೇಟರ್‌ನ ಕೆಳಗಿನ ಹೋಸಿನ ಕ್ಲಾಂಪ್ ಸಡಿಲವಾಗಿ ನೀರೆಲ್ಲ ಹರಿದು ಹೋಗಿತ್ತು. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗೆ ಕೂರುವ ಗ್ಯಾಸ್ಕೆಟ್ ಹೋಗಿತ್ತು. ಹೆಡ್ ಕೂಡ ಬೆಂಡ್ ಆಗಿತ್ತು.

ಮೇಷ್ಟ್ರು ಸುಳ್ಳು ಹೇಳುತ್ತಿರಲಿಲ್ಲ. ಮುಳ್ಳೂ ಸುಳ್ಳು ಹೇಳಿರಲಿಲ್ಲ. ಟೆಂಪರೇಚರ್ ಸೆನ್ಸರ್ ತನ್ನ ತುದಿಗೆ ಏನು ತಾಗುತ್ತದೋ ಅದರ ಬಿಸಿಯನ್ನಷ್ಟೇ ಹೇಳುತ್ತದೆ. ನೀರು ಇರುವ ತನಕ ನೀರಿನ ಬಿಸಿ ಹೇಳಿತು. ನೀರು ಖಾಲಿಯಾದ ಮೇಲೆ ಅದರ ತುದಿ ಬರೀ ಗಾಳಿ, ಆವಿಯ ನಡುವೆ ನಿಂತಿತು. ಗಾಳಿ ನೀರಿನಷ್ಟು ಚೆನ್ನಾಗಿ ಶಾಖ ದಾಟಿಸುವುದಿಲ್ಲ. ಹಾಗಾಗಿ ಲೋಹ ಕಾದು ಕೆಂಡವಾಗುತ್ತಿದ್ದರೂ ಮುಳ್ಳು ಇಳಿಯಿತು. ಮೇಲೆ ಹೋದ ಮುಳ್ಳು ಘಾಟಿಯ ಏರಿನಲ್ಲೇ ಕಾರಣವಿಲ್ಲದೆ ಇಳಿದರೆ ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ಅನುಮಾನವಿದ್ದರೆ ಅದಕ್ಕೂ ಮೊದಲು ಹೀಟರ್ ಹಾಕಿ ನೋಡಬಹುದು. ಎಂಜಿನ್ ಬಿಸಿ ಇದ್ದೂ ಹೀಟರ್‌ನಲ್ಲಿ ತಣ್ಣನೆ ಗಾಳಿ ಬಂದರೆ ನೀರು ಇಲ್ಲ ಅಂತಲೇ ತಿಳಿಯಿರಿ.

ಈ ಸೆನ್ಸರ್ ಎಲ್ಲಿರುತ್ತದೆ ಅಂತ ಬಹಳ ಜನ ಕೇಳುತ್ತಾರೆ. ಹುಡುಕುವ ಸುಲಭ ದಾರಿ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ಎತ್ತಿ. ರೇಡಿಯೇಟರ್‌ನ ಮೇಲಿನ ದಪ್ಪ ಹೋಸನ್ನು ಕೈಯಲ್ಲಿ ಹಿಡಿದು ಎಂಜಿನ್ ಕಡೆಗೆ ಹೋಗಿ. ಅದು ಎಂಜಿನ್ನಿಗೆ ಸೇರುವ ಜಾಗದಲ್ಲಿ ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ಕಿನ ಒಂದು ಹೌಸಿಂಗ್ ಇರುತ್ತದೆ. ಬಹಳ ಕಾರುಗಳಲ್ಲಿ ಥರ್ಮೋಸ್ಟಾಟ್, ಅಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ವಾಲ್ವ್, ಇರುವುದೂ ಅದರೊಳಗೇ. ಆಸುಪಾಸಿನಲ್ಲಿ ಎರಡು ಪಿನ್ನಿನ ಕಪ್ಲರ್ ಸಿಕ್ಕಿಸಿದ ಹಿತ್ತಾಳೆ ಬೋಲ್ಟಿನಂಥದ್ದು ಕಂಡರೆ ಅದೇ ಸೆನ್ಸರ್. ಹೊಸ ಗಾಡಿಗಳಲ್ಲಿ ಥ್ರೆಡ್ ಇಲ್ಲದೆ, ಓ-ರಿಂಗ್ ಮತ್ತು ಕ್ಲಿಪ್ಪಿನಲ್ಲಿ ಕೂತಿರುವುದೂ ಉಂಟು. ಸ್ವಿಫ್ಟ್, ವಿಸ್ಟಾ, ಪುಂಟೊಗಳಲ್ಲಿ ಬಂದ 1.3 ಲೀಟರ್ ಡೀಸೆಲ್ ಎಂಜಿನ್ನಿನಲ್ಲೂ ಸೆನ್ಸರ್ ಥರ್ಮೋಸ್ಟಾಟ್ ಹೌಸಿಂಗಿನಲ್ಲೇ ಇದೆ. ಎಂಜಿನ್ನಿನಿಂದ ಕಾದ ನೀರು ಹೊರಗೆ ಬರುವ ಬಾಗಿಲು ಅದು. ಕಾವಲುಗಾರನನ್ನು ಅಲ್ಲೇ ನಿಲ್ಲಿಸಬೇಕು, ಅಲ್ವಾ?

ಹಳೆಯ ಗಾಡಿಗಳಲ್ಲಿ ಕಾವಲುಗಾರರು ಒಬ್ಬರಲ್ಲ. ಮುಳ್ಳಿಗೆ ಒಂದು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಇನ್ನೊಂದು, ಫ್ಯಾನ್ ಓಡಿಸಲು ರೇಡಿಯೇಟರ್‌ನಲ್ಲೇ ಒಂದು ಸ್ವಿಚ್. ಮುಳ್ಳಿನದಕ್ಕೆ ಸಾಮಾನ್ಯವಾಗಿ ಒಂದೇ ವೈರು. ಅರ್ತ್ ಸಿಗುವುದು ಅದರ ಥ್ರೆಡ್ಡಿನ ಮೂಲಕ. ನಾನು ಕೆಲಸ ಕಲಿಯುವಾಗ ಇಂಥದ್ದೊಂದಕ್ಕೆ ನೀರು ಸೋರಬಾರದು ಅಂತ ಟೆಫ್ಲಾನ್ ಟೇಪ್ ಚೆನ್ನಾಗಿ ಸುತ್ತಿ ಕೂರಿಸಿದ್ದೆ. ಮುಳ್ಳು ಅಲ್ಲಾಡಲೇ ಇಲ್ಲ. ಅರ್ತ್ ಎಲ್ಲಿಂದ ಬರಬೇಕು? ಅರ್ಧ ದಿನ ಮೀಟರ್ ಬಿಚ್ಚಿಕೊಂಡು ಕೂತಿದ್ದೆ.

ಮುಂದಿನ ಬಂಪರ್ ಹಿಂದೆ ಸಿಗುವ ಪುಟ್ಟ ಸೆನ್ಸರ್ ಹೊರಗಿನ ಗಾಳಿಯ ಬಿಸಿ ನೋಡುವುದಕ್ಕೆ. ಏರ್ ಫಿಲ್ಟರ್ ದಾರಿಯಲ್ಲಿ ಅಥವಾ ಗಾಳಿಯ ಒತ್ತಡ ನೋಡುವ ಮ್ಯಾಪ್ ಸೆನ್ಸರ್ ಒಳಗೇ ಇರುವುದು ಎಂಜಿನ್ ಒಳಗೆ ಹೋಗುವ ಗಾಳಿಯದು. ಇವಕ್ಕೂ ನಾವು ಮಾತಾಡುತ್ತಿರುವುದಕ್ಕೂ ಸಂಬಂಧ ಇಲ್ಲ. ಫೋರ್ಡ್‌ನ ಕೆಲವು ಎಂಜಿನ್‌ಗಳದ್ದು ಬೇರೆಯೇ ದಾರಿ. ಅವುಗಳ ಸೆನ್ಸರ್ ನೀರಿಗೆ ತಾಗುವುದೇ ಇಲ್ಲ, ನೇರ ಹೆಡ್ಡಿನ ಲೋಹಕ್ಕೆ ಕೂರುತ್ತದೆ. ನೀರು ಖಾಲಿಯಾದರೂ ಅದು ಸರಿಯಾಗಿಯೇ ಹೇಳುತ್ತದೆ. ಎಲ್ಲ ಕಂಪನಿಯವರೂ ಹೀಗೆ ಯಾಕೆ ಮಾಡಲಿಲ್ಲ ಅಂತ ನನಗೆ ಆಗಾಗ ಅನಿಸಿದ್ದಿದೆ.

ಸೆನ್ಸರ್ ಒಳಗೆ ದೊಡ್ಡ ಯಂತ್ರವೇನೂ ಇಲ್ಲ. ಒಂದು ಥರ್ಮಿಸ್ಟರ್ ಇರುತ್ತದೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ತುಂಬ ಕಾರುಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ 300ರ ಆಸುಪಾಸು. ಇಸಿಯು ಅದಕ್ಕೆ ಒಂದು ರೆಸಿಸ್ಟರ್ ಮೂಲಕ 5 ವೋಲ್ಟ್ ಕೊಟ್ಟು, ಎಷ್ಟು ಉಳಿಯಿತು ಅಂತ ನೋಡುತ್ತದೆ. ಉಳಿದದ್ದು ಜಾಸ್ತಿ ಇದ್ದರೆ ಎಂಜಿನ್ ತಣ್ಣಗಿದೆ, ಕಮ್ಮಿ ಇದ್ದರೆ ಬಿಸಿಯಾಗಿದೆ ಅಂತ ಲೆಕ್ಕ. ವೈರೇ ತುಂಡಾದರೆ? 5 ವೋಲ್ಟೂ ಹಾಗೇ ಉಳಿಯುತ್ತದೆ. ಆಗ ಇಸಿಯುವಿನ ಲೆಕ್ಕ ಓದಿ ತೋರಿಸುವ ಸ್ಕ್ಯಾನರ್‌ನಲ್ಲಿ ಮೈನಸ್ 40 ಡಿಗ್ರಿ ಕಾಣುತ್ತದೆ.

ಸಕಲೇಶಪುರದಲ್ಲಿ ಮೈನಸ್ 40! ಮೊದಲ ಸಲ ನೋಡಿದಾಗ ನಮ್ಮ ಹುಡುಗ ಬಿದ್ದು ಬಿದ್ದು ನಕ್ಕಿದ್ದ. ಆ ಕಾರು ಒಂದು ಕಾಫಿ ತೋಟದ್ದು. ಸ್ಟಾರ್ಟಿಂಗ್ ಟ್ರಬಲ್, ಪೆಟ್ರೋಲ್ ವಾಸನೆ, ಮೈಲೇಜ್ ಇಲ್ಲ. ಕೀ ತಿರುಗಿಸಿದ ಕೂಡಲೇ ರೇಡಿಯೇಟರ್ ಫ್ಯಾನ್ ಓಡುತ್ತಿತ್ತು. ಬೇರೆ ಕಡೆ ಪ್ಲಗ್ಗು, ಫ್ಯುಯೆಲ್ ಪಂಪ್ ಎಲ್ಲ ಬದಲಾಯಿಸಿಯಾಗಿತ್ತು. ಸ್ಕ್ಯಾನ್ ಹಾಕಿದರೆ ಪಿ0118 ಕೋಡ್. ಅಂದರೆ ಸೆನ್ಸರ್ ಸರ್ಕ್ಯೂಟ್ ಎಲ್ಲೋ ಬಿಟ್ಟುಹೋಗಿದೆ. ಎಂಜಿನ್ ಎಷ್ಟು ಬಿಸಿ ಇದೆ ಅಂತ ಗೊತ್ತಾಗದಾಗ ಇಸಿಯು ಊಹೆಯ ಮೇಲೆ ಪೆಟ್ರೋಲ್ ಕೊಡುತ್ತದೆ, ಯಾವುದಕ್ಕೂ ಇರಲಿ ಅಂತ ಫ್ಯಾನ್ ಹಾಕಿಬಿಡುತ್ತದೆ. ಸೆನ್ಸರ್‌ಗೆ ಏನೂ ಆಗಿರಲಿಲ್ಲ. ಶೆಡ್ಡಿನಲ್ಲಿ ನಿಲ್ಲಿಸಿದ್ದ ಗಾಡಿಯೊಳಗೆ ಇಲಿ ನುಗ್ಗಿ ವೈರು ಕಡಿದಿತ್ತು. ಬೆಸುಗೆ ಹಾಕಿ ಟೇಪ್ ಸುತ್ತಿದೆ, ಮುಗಿಯಿತು. ಪಿ0117 ಬಂದರೆ ಇದರ ಉಲ್ಟಾ, ಎಲ್ಲೋ ಶಾರ್ಟ್ ಆಗಿದೆ ಅಂತ ಅರ್ಥ.

ಪೂರ್ತಿ ಕೆಟ್ಟ ಸೆನ್ಸರ್ ಹೀಗೆ ಕೋಡ್ ಕೊಟ್ಟು ಸಿಕ್ಕಿಬೀಳುತ್ತದೆ. ಅರ್ಧ ಕೆಟ್ಟದ್ದೇ ತಲೆನೋವು. ನಿಜವಾಗಿ 85 ಇದ್ದರೆ 65 ಅನ್ನುತ್ತದೆ. ಬಹಳ ಸಲ ಚೆಕ್ ಲೈಟ್ ಬರುವುದಿಲ್ಲ, ಪೆಟ್ರೋಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ಇದನ್ನು ಹಿಡಿಯಲು ನಾನು ಗಾಡಿಯನ್ನು ರಾತ್ರಿ ನಿಲ್ಲಿಸಿಕೊಳ್ಳುತ್ತೇನೆ. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ ಬರೀ ಕೀ ಆನ್ ಮಾಡಿ, ಸ್ಕ್ಯಾನರ್‌ನಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ನೀರು) ಟೆಂಪರೇಚರ್ ಮತ್ತು ಒಳಹೋಗುವ ಗಾಳಿಯ ಟೆಂಪರೇಚರ್ ಎರಡನ್ನೂ ನೋಡುತ್ತೇನೆ. ಇಡೀ ರಾತ್ರಿ ನಿಂತ ಗಾಡಿಯಲ್ಲಿ ಎರಡೂ ಹೆಚ್ಚು ಕಮ್ಮಿ ಒಂದೇ ಇರಬೇಕು. ಒಂದು 22, ಇನ್ನೊಂದು 9 ಅಂತ ಬಂದರೆ ಯಾವುದೋ ಒಂದು ಕೆಟ್ಟಿದೆ. ಇದನ್ನು ಮನೆಯಲ್ಲೂ ಮಾಡಬಹುದು. ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಸಿಕ್ಕಿಸುವ 16 ಪಿನ್ನಿನ ಓಬಿಡಿ ಸಾಕೆಟ್ ಇದ್ದರೆ, ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಸಾಕು.

ಸೆನ್ಸರ್ ಬಿಚ್ಚಿದ್ದರೆ ಅಡುಗೆಮನೆಯ ಪರೀಕ್ಷೆ ಇದೆ. ಮಲ್ಟಿಮೀಟರ್ ಕಟ್ಟಿ, ತುದಿಯನ್ನಷ್ಟೇ ಬಿಸಿ ನೀರಿನ ಲೋಟದಲ್ಲಿ ಅದ್ದಿ, ನೀರು ಆರುತ್ತಾ ಹೋದಂತೆ ರೆಸಿಸ್ಟೆನ್ಸ್ ನೋಡಿ. ಎಲ್ಲೂ ಜಿಗಿಯದೆ ನಿಧಾನಕ್ಕೆ ಏರುತ್ತಾ ಹೋಗಬೇಕು. ಕುದಿಯುವ ನೀರು ಅಂದರೆ 100 ಡಿಗ್ರಿ ಅಂತ ಲೆಕ್ಕ ಹಾಕಬೇಡಿ. ನಮ್ಮೂರಿನ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಅಂಕಿಗಳನ್ನು ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಜೊತೆಗೇ ಹೋಲಿಸಿ. ಎಲ್ಲ ಕಂಪನಿಯದ್ದೂ ಒಂದೇ ಇರುವುದಿಲ್ಲ.

ಬಿಚ್ಚುವಾಗ ಮಾತ್ರ ಅವಸರ ಬೇಡ. ಬಿಸಿ ಎಂಜಿನ್‌ನಲ್ಲಿ ರೇಡಿಯೇಟರ್ ಕ್ಯಾಪ್ ಆಗಲಿ ಸೆನ್ಸರ್ ಆಗಲಿ ಮುಟ್ಟಬೇಡಿ. ಒಳಗೆ ಪ್ರೆಶರ್ ಇರುತ್ತದೆ, ನೀರು 100 ದಾಟಿಯೂ ಕುದಿಯದೆ ಕೂತಿರುತ್ತದೆ, ತೆರೆದ ಕ್ಷಣ ಮುಖಕ್ಕೆ ಹಾರುತ್ತದೆ. ಹೊಸದು ಹಾಕಿದ ಮೇಲೆ ಕೂಲೆಂಟ್ ತುಂಬಿ ಗಾಳಿ ಹೊರಹಾಕಿ. ಸೆನ್ಸರ್ ಹತ್ತಿರ ಗಾಳಿಗುಳ್ಳೆ ನಿಂತರೆ ಮತ್ತೆ ಮೇಷ್ಟ್ರ ಕಥೆಯೇ.

ಒಂದು ಜಗಳ ನನಗೆ ನಮ್ಮ ಕಸುಬಿನವರ ಜೊತೆಗೇ ಇದೆ. ಹೀಟ್ ಅಂತ ಗಾಡಿ ಬಂದರೆ ಥರ್ಮೋಸ್ಟಾಟ್ ವಾಲ್ವ್ ಕಿತ್ತೆಸೆದು ಫ್ಯಾನ್ ಯಾವಾಗಲೂ ಓಡುವಂತೆ ಡೈರೆಕ್ಟ್ ಮಾಡಿ ಕಳಿಸುವುದು. ಕಾರ್ಬುರೇಟರ್ ಕಾಲದಲ್ಲಿ ಹೇಗೋ ನಡೆಯುತ್ತಿತ್ತು. ಈಗ ಹಾಗೆ ಮಾಡಿದರೆ ಎಂಜಿನ್ ಬಿಸಿಯೇ ಏರುವುದಿಲ್ಲ. ಸೆನ್ಸರ್ ಪ್ರಾಮಾಣಿಕವಾಗಿ 60 ಅನ್ನುತ್ತದೆ, ಇಸಿಯು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಎಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಅನ್ನುವ ಪಿ0128 ಕೋಡ್ ಬರುತ್ತದೆ. ಆಮೇಲೆ ಸುಮ್ನೆ ಸೆನ್ಸರ್ ಬದಲಾಯಿಸುತ್ತಾರೆ.

ಇನ್ನು ಮುಳ್ಳಿನ ವಿಷಯ. ಅದು ಥರ್ಮಾಮೀಟರ್ ಥರ ಅಲ್ಲ. ಬಹಳ ಕಾರುಗಳಲ್ಲಿ ಸುಮಾರು 75ರಿಂದ 105 ಡಿಗ್ರಿವರೆಗೆ ಮುಳ್ಳು ನಡುವೆಯೇ ಅಲ್ಲಾಡದೆ ನಿಲ್ಲುವಂತೆ ಬೇಕಂತಲೇ ಮಾಡಿರುತ್ತಾರೆ. ಸ್ವಲ್ಪ ಆಚೀಚೆ ಆದರೂ ಜನ ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಓಡುತ್ತಾರಲ್ಲ, ಅದಕ್ಕೆ. ಈಗ ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೂ ಇಲ್ಲ. ತಣ್ಣಗಿದ್ದರೆ ನೀಲಿ ದೀಪ, ಮಿತಿಮೀರಿದರೆ ಕೆಂಪು ದೀಪ. ನಡುವೆ ಏನಾಗುತ್ತಿದೆ ಅಂತ ಕಾಣುವುದೇ ಇಲ್ಲ.

ಮೇಷ್ಟ್ರು ಹೆಡ್ ಕೆಲಸದ ಬಿಲ್ ಕಟ್ಟಿದ ಮೇಲೆ ಮೊದಲು ಕೊಂಡದ್ದು ಆ ಬ್ಲೂಟೂತ್ ಅಡಾಪ್ಟರ್. ಮೊಬೈಲನ್ನು ಡ್ಯಾಶ್‌ಬೋರ್ಡ್ ಮೇಲೆ ನಿಲ್ಲಿಸಿಕೊಂಡು ಓಡಿಸುತ್ತಾರೆ. ಮೊನ್ನೆ ಘಾಟಿಯಲ್ಲಿ ಲಾರಿಗಳ ಹಿಂದೆ ಸಿಕ್ಕಿಕೊಂಡವರು ಫೋನ್ ಮಾಡಿದರು.

"97 ಆಯ್ತು ಕಣ್ರೀ! ನಿಲ್ಲಿಸ್ಲಾ?"

"ಫ್ಯಾನ್ ಸದ್ದು ಕೇಳ್ತಿದ್ಯಾ ಸಾರ್?"

"ಈಗ ಶುರುವಾಯ್ತು."

"ಹಾಗಿದ್ರೆ ಒಂದೆರಡು ನಿಮಿಷ ನೋಡ್ತಾ ಇರಿ."

ಅವರು ಫೋನ್ ಇಡಲಿಲ್ಲ. 96 ಅಂದರು, 94 ಅಂದರು. 91ಕ್ಕೆ ಫ್ಯಾನ್ ನಿಂತಿತು. ಹಿಂದಿನ ಲಾರಿ ಹಾರ್ನ್ ಹೊಡೆಯಿತು.