ವ್ಯಸನಮುಕ್ತಿ ಕೇಂದ್ರಕ್ಕೆ ಮೊದಲು ಆಸ್ಪತ್ರೆ ಬೇಕೇ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದವರು. ಯಜಮಾನರಿಗೆ 48 ವರ್ಷ. ದಿನಕ್ಕೆ ಎರಡು ಕ್ವಾರ್ಟರ್ ಆಗುತ್ತದೆ. ಬೆಳಿಗ್ಗೆ ಸ್ವಲ್ಪ ಹಾಕದಿದ್ದರೆ ಚಾಯದ ಲೋಟ ಹಿಡಿಯಲು ಕೈ ನಿಲ್ಲುವುದಿಲ್ಲ. ಈಗ ಬಿಡುತ್ತೇನೆಂದು ಅವರೇ ಒಪ್ಪಿದ್ದಾರೆ. ವ್ಯಸನಮುಕ್ತಿ ಕೇಂದ್ರದವರು "ಮೊದಲು ಆಸ್ಪತ್ರೆಯಲ್ಲಿ ಡಿಟಾಕ್ಸ್ (ವೈದ್ಯರ ನಿಗಾದಲ್ಲಿ ಕುಡಿತ ನಿಲ್ಲಿಸಿ ಅಮಲು ಇಳಿಸುವುದು) ಮಾಡಿಸಿ ಬನ್ನಿ" ಎಂದರು. ಭಾವ ಮಾತ್ರ "ಅದೆಲ್ಲ ಬಿಲ್ಲು ಏರಿಸುವ ದಾರಿ, ಎರಡು ದಿನ ಕೋಣೆಯಲ್ಲಿ ಕೂಡಿಹಾಕಿದರೆ ಸಾಕು" ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಕೇಂದ್ರದವರ ಮಾತು ಕೇಳಿ. ಬೆಳಿಗ್ಗೆ ಕುಡಿಯದೆ ಲೋಟ ಹಿಡಿಯಲಾಗದು ಎಂದು ಬರೆದಿದ್ದೀರಲ್ಲ, ವೈದ್ಯರು ಮೊದಲು ಕೇಳುವುದೂ ಅದನ್ನೇ. ರಾತ್ರಿ ಕುಡಿದದ್ದು ಇಳಿಯುತ್ತಿದ್ದಂತೆ ಕೈ ನಡುಗುತ್ತದೆ, ಮತ್ತೆ ಕುಡಿದರೆ ನಿಲ್ಲುತ್ತದೆ ಎಂದರೆ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಅಂಥವರನ್ನು ಕೋಣೆಯಲ್ಲಿ ಕೂಡಿಹಾಕುವುದು ಜೀವಕ್ಕೆ ಅಪಾಯ.

ಎಷ್ಟು ಕುಡಿಯುತ್ತಾರೆ ಎಂಬುದನ್ನೂ ಒಮ್ಮೆ ನೋಡೋಣ. ನಮ್ಮಲ್ಲಿ ಸಿಗುವ ಬ್ರಾಂಡಿ, ರಮ್ಮುಗಳಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೊಹಾಲ್ ಇರುತ್ತದೆ. 180 ಮಿಲಿಲೀಟರಿನ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೊಹಾಲ್ ಆಯಿತು; ಎರಡಕ್ಕೆ 120 ಗ್ರಾಂ. ಹತ್ತು ಗ್ರಾಮಿಗೆ ಒಂದು ಅಳತೆ ಎಂದು ವೈದ್ಯರು ಎಣಿಸುವ ಪದ್ಧತಿಯಲ್ಲಿ ಇದು ದಿನಕ್ಕೆ ಹನ್ನೆರಡು. ನಮ್ಮೂರುಗಳಲ್ಲಿ "ಎರಡು ಕ್ವಾರ್ಟರ್ ಅಷ್ಟೇ" ಎಂದು ಹೇಳುವುದು ರೂಢಿ. ಆ "ಅಷ್ಟೇ" ನನಗೆ ಯಾವಾಗಲೂ ಹೆದರಿಕೆ ಹುಟ್ಟಿಸುತ್ತದೆ.

ಬಿಟ್ಟಾಗ ಆಗುವುದೇನು? ಮದ್ಯ ಮೆದುಳನ್ನು ಮಂದ ಮಾಡುತ್ತದೆ. ವರ್ಷಗಟ್ಟಲೆ ಹೀಗಾದಾಗ, ಮಂದವಾಗದೆ ಎಚ್ಚರವಿರಲು ಮೆದುಳು ಎದುರು ದಿಕ್ಕಿಗೆ ಜೋರಾಗಿ ಎಳೆಯುವುದನ್ನು ಅಭ್ಯಾಸ ಮಾಡಿಕೊಳ್ಳುತ್ತದೆ. ಹಗ್ಗಜಗ್ಗಾಟದಲ್ಲಿ ಒಂದು ಕಡೆಯವರು ಫಕ್ಕನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಬೀಳುವುದಿಲ್ಲವೇ, ಹಾಗೆ. ಕೊನೆಯ ಗುಟುಕು ಕುಡಿದು ಆರೆಂಟು ಗಂಟೆಯಾಗುವಾಗ ನಡುಕ, ಬೆವರು, ವಾಕರಿಕೆ, ಎದೆ ಹೊಡೆತ ಶುರುವಾಗುತ್ತವೆ, ನಿದ್ದೆ ಬರುವುದಿಲ್ಲ. ಫಿಟ್ಸ್ ಬರುವುದಿದ್ದರೆ ಬಹುತೇಕ ಮೊದಲ ಎರಡು ದಿನಗಳಲ್ಲಿ ಬರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಎರಡನೆಯ ದಿನ ಕಳೆದ ಮೇಲೆ, ಮೂರು ನಾಲ್ಕನೆಯ ದಿನದ ಹೊತ್ತಿಗೆ: ಜ್ವರ, ಏರಿದ ರಕ್ತದೊತ್ತಡ, ದಿಕ್ಕು ತಪ್ಪಿದ ಮಾತು, ಗೋಡೆಯ ಮೇಲೆ ಹುಳ ಹರಿದಂತೆ, ಯಾರೋ ಕರೆದಂತೆ ಆಗುವುದು. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವ ಹೋಗಬಹುದು. ಸಕಾಲದಲ್ಲಿ ಸಿಕ್ಕರೆ ಬಹುತೇಕರು ಉಳಿಯುತ್ತಾರೆ.

ಈಗ ಭಾವನವರ "ಎರಡು ದಿನ"ದ ಲೆಕ್ಕ ಹಾಕಿ ನೋಡಿ. ಬೀಗ ತೆಗೆದು "ಇನ್ನೇನು ಸರಿಯಾದರು" ಎನ್ನುವ ಹೊತ್ತಿಗೇ ಅಪಾಯದ ಗಳಿಗೆ ಬರುತ್ತದೆ.

ನಮ್ಮ ಕಡೆ ಇದು ಬೇರೆ ವೇಷಗಳಲ್ಲೂ ಕಾಣಿಸಿಕೊಳ್ಳುತ್ತದೆ. ವೃಶ್ಚಿಕ ಮಾಸದಲ್ಲಿ ಶಬರಿಮಲೆಗೆಂದು ಮಾಲೆ ಹಾಕಿದವರು ಅಂದಿನಿಂದಲೇ ಕುಡಿತ ನಿಲ್ಲಿಸುತ್ತಾರೆ; ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಬೆಳಿಗ್ಗೆ ಕೈ ನಡುಗುವವರಿಗೆ ಆಗಬಹುದು. ಅಡಿಕೆ ಮರದಿಂದ ಬಿದ್ದು ಕಾಲು ಮುರಿದುಕೊಂಡವರು ವಾರ್ಡಿನಲ್ಲಿ ಮೂರನೆಯ ದಿನ ಸೂಜಿ ಕಿತ್ತೆಸೆದು ಓಡಲು ನೋಡುತ್ತಾರೆ. ಮನೆಯವರು ಇಂಜೆಕ್ಷನ್ ಹೆಚ್ಚಾಯಿತೆಂದೋ, ಭೂತದ ಉಪದ್ರವೆಂದೋ ತಿಳಿಯುತ್ತಾರೆ. ಕುಡಿತದ ವಿಷಯ ವೈದ್ಯರಿಗೆ ಯಾರೂ ಹೇಳಿರುವುದಿಲ್ಲ, ಮರ್ಯಾದೆಯ ಪ್ರಶ್ನೆ! ಹರಕೆ ಹೊರುವುದಕ್ಕೆ ನನ್ನ ಆಕ್ಷೇಪವೇನೂ ಇಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಹೊತ್ತರೆ ದೇವರು ಬೇಡ ಎನ್ನುವುದಿಲ್ಲ.

ಇಡೀ ರಾಜ್ಯವೇ ಇದನ್ನು ಕಂಡದ್ದು 2020ರ ಮಾರ್ಚ್ ಕೊನೆಯಲ್ಲಿ. ಲಾಕ್‌ಡೌನಿಗೆ ಸರಕಾರಿ ಮದ್ಯ ಮಾರುವ ಬೆವ್ಕೊ ಅಂಗಡಿಗಳು ಒಮ್ಮೆಲೇ ಮುಚ್ಚಿದವು. ಕುಡಿಯಲು ಸಿಗದೆ ಕಂಗಾಲಾದವರ, ಆತ್ಮಹತ್ಯೆ ಮಾಡಿಕೊಂಡವರ ಸುದ್ದಿಗಳು ಬರತೊಡಗಿದಾಗ ಕೇರಳ ಸರಕಾರ ವೈದ್ಯರ ಚೀಟಿಯ ಮೇಲೆ ಮದ್ಯ ಕೊಡಲು ಆದೇಶಿಸಿತು. ವೈದ್ಯರ ಸಂಘಗಳು ವಿರೋಧಿಸಿದವು, ಏಪ್ರಿಲ್ 2ರಂದು ಹೈಕೋರ್ಟು ತಡೆ ಕೊಟ್ಟಿತು. ವೈದ್ಯರ ವಾದ ಸರಿಯೇ ಇತ್ತು: ಈ ಸ್ಥಿತಿಗೆ ಔಷಧವಿದೆ, ಮದ್ಯವನ್ನೇ ಔಷಧವೆಂದು ಬರೆಯಬೇಕಾಗಿಲ್ಲ. ಅದೇ ದಿನಗಳಲ್ಲಿ ಕರ್ನಾಟಕಕ್ಕೆ ದಾಟುವ ತಲಪಾಡಿ ಗಡಿಯೂ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ನಮ್ಮ ಕಡೆಯವರ ಪಾಡು ಏನಾಯಿತೆಂಬುದು ನಿಮಗೇ ಗೊತ್ತು.

ಹಾಗೆಂದು ಕುಡಿಯುವವರೆಲ್ಲ ಆಸ್ಪತ್ರೆಯಲ್ಲಿ ಮಲಗಬೇಕೆಂದಿಲ್ಲ. ವಾರಕ್ಕೆ ಎರಡು ಸಲ ಕುಡಿದು ಗಲಾಟೆ ಮಾಡುವವರು ಮನೆಗೆ ದೊಡ್ಡ ಸಂಕಟವಿರಬಹುದು, ಆದರೆ ನಡುವಿನ ದಿನಗಳಲ್ಲಿ ನಡುಕ ಬೆವರು ಇಲ್ಲದಿದ್ದರೆ ಅವರಿಗೆ ಡಿಟಾಕ್ಸ್ ಬೇಕಾಗುವುದು ಅಪರೂಪ. ನೇರ ಕೇಂದ್ರಕ್ಕೆ ಹೋಗಬಹುದು. ಕುಡಿತ ಮನೆಯನ್ನು ಎಷ್ಟು ಹಾಳು ಮಾಡಿದೆ ಎಂಬುದರ ಮೇಲೆ ಇದು ನಿಂತಿಲ್ಲ. ಹಿಂದೆ ಬಿಟ್ಟಾಗ ದೇಹಕ್ಕೆ ಏನಾಯಿತು ಎಂಬುದೇ ಮುಖ್ಯ. ಒಮ್ಮೆ ಫಿಟ್ಸ್ ಬಂದವರಿಗೆ, ಒಮ್ಮೆ ಭ್ರಮೆ ಹಿಡಿದವರಿಗೆ ಮುಂದಿನ ಸಲವೂ ಬರುವ ಸಂಭವ ಹೆಚ್ಚು. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಮಾಡಿದಷ್ಟೂ ಅದು ಬಿಗಡಾಯಿಸುತ್ತದೆ. ಅಂಥವರಿಗೆ ಒಳರೋಗಿಯಾಗಿಯೇ ಚಿಕಿತ್ಸೆ ಬೇಕು. ಲಿವರ್ ಕೆಟ್ಟವರು, ಹೃದ್ರೋಗದವರು, ವಯಸ್ಸಾದವರು, ಗರ್ಭಿಣಿಯರು, ಸಾಯುವ ಮಾತಾಡುವವರು, ನಿದ್ದೆಗೆಂದು ಆಲ್ಪ್ರಜೋಲಾಂ ಮಾತ್ರೆಯನ್ನೂ ನುಂಗುವವರು ಇದೇ ಸಾಲಿನವರು.

ನಡುಕ ಸ್ವಲ್ಪವೇ ಇದ್ದು ಹಿಂದೆ ಏನೂ ಆಗದವರಿಗೆ ವೈದ್ಯರು ಮಾತ್ರೆ ಕೊಟ್ಟು ದಿನವೂ ನೋಡುತ್ತಾ ಮನೆಯಲ್ಲೇ ಬಿಡಿಸುವುದುಂಟು. ಅದಕ್ಕೆ ಕುಡಿಯದ ಹಿರಿಯರೊಬ್ಬರು ಹಗಲು ರಾತ್ರಿ ಜೊತೆಗಿರಬೇಕು, ಆಸ್ಪತ್ರೆ ಹತ್ತಿರವಿರಬೇಕು. ಮಳೆಗಾಲದ ಮಧ್ಯರಾತ್ರಿ ಜೀಪು ಹುಡುಕಿ ಕಾಸರಗೋಡು ಪೇಟೆಗೋ ಮಂಗಳೂರಿಗೋ ಓಡಬೇಕಾದ ಮನೆಗೆ ಈ ದಾರಿ ನಾನು ಹೇಳುವುದಿಲ್ಲ.

ಬೇರೆ ಅಮಲುಗಳ ಲೆಕ್ಕ ಬೇರೆ. ಆಲ್ಪ್ರಜೋಲಾಂನಂಥ ಮಾತ್ರೆಗಳನ್ನು ಫಕ್ಕನೆ ನಿಲ್ಲಿಸಿದರೂ ಫಿಟ್ಸ್ ಬರಬಹುದು. ವೈದ್ಯರು ವಾರಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಹೆರಾಯಿನಿನಂಥವನ್ನು ಬಿಟ್ಟಾಗ ಮೈಕೈ ನೋವು, ಭೇದಿ ಹಿಂಡುತ್ತವೆ, ಸಾವು ಅಪರೂಪ. ಬಿಟ್ಟು ಕೆಲವು ವಾರಗಳಾದ ಮೇಲೆ ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡಾಗ ಉಸಿರು ನಿಲ್ಲುವುದೇ ಅಲ್ಲಿನ ದೊಡ್ಡ ಅಪಾಯ. ಗಾಂಜಾಕ್ಕೆ ಸಾಮಾನ್ಯವಾಗಿ ಆಸ್ಪತ್ರೆ ವಾಸ ಬೇಡ. ಎಂಡಿಎಂಎ ಎಂಬ ರಾಸಾಯನಿಕ ಅಮಲನ್ನು ಬಿಡಿಸಲೆಂದೇ ಇರುವ ಮಾತ್ರೆ ಇಲ್ಲ. ಆದರೂ ಬಿಟ್ಟ ದಿನಗಳಲ್ಲಿ ಮಂಕು ಕವಿದು ಆತ್ಮಹತ್ಯೆಯ ಯೋಚನೆ ಬರುವುದರಿಂದ ಮನೋವೈದ್ಯರು ನೋಡಲೇಬೇಕು.

ಆಸ್ಪತ್ರೆಯಲ್ಲಿ ಮಾಡುವುದು ಮಾಯಾಮಂತ್ರವೇನಲ್ಲ. ಲಿವರ್, ಸಕ್ಕರೆ, ಲವಣಾಂಶಗಳ ಪರೀಕ್ಷೆ. ನಡುಕ, ಫಿಟ್ಸ್ ತಡೆಯಲು ಕ್ಲೋರ್‌ಡಯಾಜೆಪಾಕ್ಸೈಡ್ ಅಥವಾ ಡಯಾಜೆಪಾಂ ಎಂಬ ಔಷಧ, ಲಿವರ್ ಹಾಳಾಗಿದ್ದರೆ ಲೊರಾಜೆಪಾಂ. ಮೊದಲು ಹೆಚ್ಚು ಕೊಟ್ಟು ಒಂದು ವಾರದೊಳಗೆ ಇಳಿಸಿ ನಿಲ್ಲಿಸುತ್ತಾರೆ. ಜೊತೆಗೆ ಥಯಾಮಿನ್, ಅಂದರೆ ಬಿ1 ಜೀವಸತ್ವ, ಇಂಜೆಕ್ಷನ್ ರೂಪದಲ್ಲಿ. ಈ ಅಗ್ಗದ ಔಷಧವನ್ನು ಹಗುರವಾಗಿ ಕಾಣಬೇಡಿ. ಊಟ ಬಿಟ್ಟು ಕುಡಿದವರಲ್ಲಿ ಇದು ಬರಿದಾಗಿರುತ್ತದೆ. ಇದನ್ನು ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಮೆದುಳಿಗೆ ಹಾನಿಯಾಗಿ ನೆನಪು ಶಾಶ್ವತವಾಗಿ ಹೋಗಬಹುದು. "ಸುಸ್ತಾಗಿದೆ, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ" ಎಂದು ಕ್ಲಿನಿಕ್ಕಿನಲ್ಲಿ ಕೇಳುವ ಅಭ್ಯಾಸ ನಮ್ಮಲ್ಲಿದೆಯಲ್ಲ, ಕುಡಿಯುವವರ ವಿಷಯದಲ್ಲಿ ಮೊದಲು ಕುಡಿತದ ಮಾತು ಹೇಳಿ.

ನಿಮ್ಮಂಥ ಮನೆಗಳಲ್ಲಿ ನಡೆಯುವ ಇನ್ನೊಂದು ಎಡವಟ್ಟು: ವೈದ್ಯರ ಮುಂದೆ ವಾಸನೆ ಬರಬಾರದೆಂದು ಹಿಂದಿನ ದಿನದಿಂದಲೇ ಕುಡಿಯಲು ಬಿಡದಿರುವುದು. ಬೇಡ. ವೈದ್ಯರು ನೋಡುವವರೆಗೆ ಒಮ್ಮೆಲೇ ನಿಲ್ಲಿಸಬೇಡಿ. ಬೈಕು ಕಾರಿನ ಕೀಲಿ ಮಾತ್ರ ನಿಮ್ಮಲ್ಲಿರಲಿ. ದಾರಿಯಲ್ಲಿ ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ತುರುಕದೆ 108ಕ್ಕೆ ಕರೆ ಮಾಡಿ. ಸಾಂಬಾರಿನಲ್ಲಿ ಗುಟ್ಟಾಗಿ ಬೆರೆಸುವ ಪುಡಿಯ ಜಾಹೀರಾತುಗಳನ್ನು ನಂಬಬೇಡಿ. ಮದ್ಯ ಮೈಗೆ ಒಗ್ಗದಂತೆ ಮಾಡುವ ಡೈಸಲ್ಫಿರಾಂ ಔಷಧ ಅದರಲ್ಲಿದ್ದರೆ, ತಿಳಿಯದೆ ಮೇಲೊಂದು ಕುಡಿದಾಗ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

ಬಿಲ್ಲಿನ ಭಯ ಸುಳ್ಳಲ್ಲ. ಖಾಸಗಿಗೇ ಹೋಗಬೇಕೆಂದಿಲ್ಲ: ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಚಿಕಿತ್ಸಾ ಕೇಂದ್ರ ನಮ್ಮ ಜಿಲ್ಲೆಯಲ್ಲಿ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿದೆ, ಸಹಾಯವಾಣಿ 14405. ಕನ್ನಡದಲ್ಲೇ ಮಾತಾಡಬೇಕಿದ್ದರೆ ಟೆಲಿ ಮಾನಸ್ 14416. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ವಿವರಿಸಲು ತಡವರಿಸುವವರು ಒಂದು ಚೀಟಿ ಬರೆದುಕೊಂಡು ಹೋಗಿ: ಎಷ್ಟು, ಎಷ್ಟು ವರ್ಷದಿಂದ, ಕೊನೆಯದಾಗಿ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಬಿಟ್ಟಾಗ ಏನಾಯಿತು, ಈಗ ತಿನ್ನುವ ಮಾತ್ರೆಗಳು.

ಕೇಂದ್ರದವರನ್ನೂ ಕೇಳಬೇಕಾದದ್ದಿದೆ. ರಾತ್ರಿ ನರ್ಸ್ ಇರುತ್ತಾರೆಯೇ, ವೈದ್ಯರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನೋಂದಣಿಯಾಗಿದೆಯೇ. ಡಿಟಾಕ್ಸ್ ಮುಗಿದರೆ ನಡುಕ ಹೋಗುತ್ತದೆ, ಕುಡಿಯುವ ಆಸೆ ಹೋಗುವುದಿಲ್ಲ. ಒಂದು ವಾರ ಮನೆಯಲ್ಲಿ ವಿಶ್ರಾಂತಿ ಎಂದು ಕುಳಿತವರು ಮತ್ತೆ ಬೆವ್ಕೊ ಸಾಲಿನಲ್ಲಿ ನಿಲ್ಲುವುದೇ ಹೆಚ್ಚು. ಹಾಗಾಗಿ ಮೊದಲು ಕೇಂದ್ರದಲ್ಲಿ ಜಾಗ ಖಾತ್ರಿ ಮಾಡಿಕೊಳ್ಳಿ, ಆಮೇಲೆ ಆಸ್ಪತ್ರೆಯ ದಿನ ಗೊತ್ತುಮಾಡಿ. ಬಿಡುಗಡೆಯಾದ ದಿನವೇ ಯಜಮಾನರು ಅಲ್ಲಿಂದ ನೇರ ಕೇಂದ್ರಕ್ಕೆ ಹೋಗಲಿ. ಕರೆದೊಯ್ಯುವ ಕೆಲಸವನ್ನು ಭಾವನವರಿಗೇ ಒಪ್ಪಿಸಿ.